ಅಂಗಡಿಯ ಜಾಗ ಬದಲಾಗುತ್ತಿದೆ, ಪುಡಿಯ ದರವೂ

ಗ್ರಾಹಕರಿಗೆ ನಮಸ್ಕಾರ.

ಬರುವ 1ನೇ ತಾರೀಖಿನಿಂದ ನಮ್ಮ ಕಾಫಿಪುಡಿ ಅಂಗಡಿ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಇರುವುದಿಲ್ಲ. ಬಾಡಿಗೆ ಏರಿದ್ದರಿಂದ ಹಿಂದಿನ ಓಣಿಗೆ ಹೋಗುತ್ತಿದ್ದೇವೆ. ಪುಡಿಗೆ ಕಿಲೋಗೆ 40 ರೂಪಾಯಿ ಜಾಸ್ತಿ ಆಗುತ್ತದೆ. ಎರಡನ್ನೂ ಒಟ್ಟಿಗೆ ಹೇಳಬೇಕಾಯಿತು, ಕ್ಷಮಿಸಿ. ಚಿಕೋರಿ ಇನ್ನಷ್ಟು ಬೆರೆಸಿ ಹಳೇ ದರ ಉಳಿಸಬಹುದಿತ್ತು. ಅದು ನಮ್ಮ ಕೈಲಿ ಆಗದು.

"ಅಷ್ಟು ಹಳೇ ಬಾಡಿಗೆದಾರರು ನೀವು, ಕಾನೂನು ನಿಮ್ಮ ಕಡೆ ಇದೆ, ಸುಮ್ನೆ ನೆಪ ಹೇಳ್ತೀರಿ" ಎಂದು ತುಂಬಾ ಜನ ಅಂದಿದ್ದೀರಿ. ನೀವು ನೆನಪಿಟ್ಟುಕೊಂಡಿರುವುದು 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಅದು 2001ರ ಕೊನೆಗೇ ಹೋಯಿತು. ಅದರ ಜಾಗಕ್ಕೆ ಬಂದ 1999ರ ಕಾಯ್ದೆ 14 ಚದರ ಮೀಟರ್ ಮೀರಿದ ಅಂಗಡಿಗೆ ಅನ್ವಯಿಸುವುದೇ ಇಲ್ಲ. ಅಂದರೆ ಸುಮಾರು 150 ಚದರ ಅಡಿ. ನಮ್ಮ ಹುರಿಯುವ ಮಶೀನು, ಬೀಜದ ಚೀಲಗಳಿಗೇ ಅಷ್ಟು ಬೇಕು! ಉಳಿದದ್ದು 11 ತಿಂಗಳ ಕರಾರು. ಈ ಸಲ ಬಾಡಿಗೆ 9,000ದಿಂದ 16,000ಕ್ಕೆ ಏರಿತು.

ಮಾಲೀಕರನ್ನು ಬೈಯಲು ಮನಸ್ಸಿಲ್ಲ. ಹಳೇ ಕಾಯ್ದೆಯ ಕಾಲದಲ್ಲಿ ಬಾಡಿಗೆ ಏರುತ್ತಿರಲಿಲ್ಲ, ನಿಜ. ಹೆಂಚೂ ಬದಲಾಗುತ್ತಿರಲಿಲ್ಲ. ಮಳೆಗಾಲ ಪೂರ್ತಿ ಅಪ್ಪ ಸೋರುವ ಕಡೆಗೆಲ್ಲ ಬಕೆಟ್ ಇಡುತ್ತಿದ್ದರು.

ಬಾಡಿಗೆಯ ಬಿಸಿ ಅಂಗಡಿಗೆ ಮಾತ್ರ ಅಲ್ಲ. ಬೀಜ ಹುರಿಯುವ ನಮ್ಮ ಹುಡುಗ ಇದ್ದ ಮನೆ ಹೋಂಸ್ಟೇ ಆಯಿತು. ಈಗ ದಿನಾ ಕಡೂರಿನಿಂದ ಬಸ್ಸಿನಲ್ಲಿ ಬರುತ್ತಾನೆ. ಮನೆಗಳಿಗೂ ಆ 1999ರ ಕಾಯ್ದೆಯಲ್ಲಿ ಒಂದು ಮಿತಿ ಇದೆ: ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000. ಅದಕ್ಕಿಂತ ಹೆಚ್ಚಿನ ಬಾಡಿಗೆಯ ಮನೆ ಕಾಯ್ದೆಯ ಹೊರಗೆ. ಈಗ ಆ ದುಡ್ಡಿಗೆ ಇಲ್ಲಿ ಒಂದು ರೂಮು ಸಿಗುತ್ತಾ, ನೀವೇ ಹೇಳಿ. 40 ರೂಪಾಯಿಯಲ್ಲಿ ಅವನ ಸಂಬಳಕ್ಕೆ ಸೇರಿಸಿದ್ದೂ ಇದೆ. ಅದನ್ನು ಮುಚ್ಚಿಡುವುದಿಲ್ಲ.

ಸ್ವಂತ ಜಾಗ ತಗೊಳ್ಳಿ ಅನ್ನುವವರಿಗೆ: ಇ-ಖಾತೆ, ಅಂದರೆ ಜಾಗದ ಡಿಜಿಟಲ್ ದಾಖಲೆ, ಇಲ್ಲದಿದ್ದರೆ ನೋಂದಣಿ ಆಗುವುದಿಲ್ಲ. ಖಾತೆ ಸರಿ ಇರುವ ಜಾಗದ ಬೆಲೆ ಕೇಳಿ ವಾಪಸ್ ಬಂದಿದ್ದೇವೆ.

ನಿಮ್ಮ ತೋಟದ ಬೀಜ ತಂದರೆ ಹುರಿದು ಪುಡಿ ಮಾಡುವ ಕೂಲಿ ಹಳೆಯದೇ. ಕಾಫಿ-ಚಿಕೋರಿ 80-20, 70-30 ಯಾವ ಮನೆಗೆ ಯಾವುದು ಅಂತ ಬರೆದಿಟ್ಟ ಪುಸ್ತಕವೂ ನಮ್ಮ ಜೊತೆಗೇ ಬರುತ್ತದೆ. ಅಂಗಡಿಯಲ್ಲಿ ಬಿಟ್ಟುಹೋದ ಡಬ್ಬಿಗಳು ಹನ್ನೊಂದು ಇವೆ. ಹೆಸರು ಬರೆದು ಹೊಸ ಜಾಗದ ಮೇಲಿನ ಶೆಲ್ಫಿನಲ್ಲಿ ಇಡುತ್ತೇವೆ.

ಇಂತಿ ನಿಮ್ಮ,
ಪುಡಿ ಅಂಗಡಿಯವರು