ಕಮಾನಿಗೂ ಬೆರಳಿಗೂ ಒಂದೇ ತಂತಿ

ಮೈಸೂರು
ಭಾನುವಾರ ಸಂಜೆ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಕೈಸೇರಿ ಒಂಬತ್ತು ದಿನವಾಯಿತು. ಇಲ್ಲಿಯ ಸಮಾಚಾರವೆಲ್ಲ ನಿನ್ನಪ್ಪನ ಫೋನಿನಲ್ಲಿ ನಿನಗೆ ತಲುಪುತ್ತಲೇ ಇರುತ್ತದೆ, ಅದನ್ನು ಬರೆಯುವುದಿಲ್ಲ. ತಾತನ ಅರಮನೆ ಆರ್ಕೆಸ್ಟ್ರಾದ ಕತೆಯಂತೂ ನಿನಗೆ ಬಾಯಿಪಾಠ. ನಾಲ್ಕು ಪುಟದ ಕಾಗದದಲ್ಲಿ ಮೂರನೆಯ ಪುಟದ ಕೊನೆಯ ಸಾಲು ನನಗೆ ನಿದ್ದೆ ಕೊಟ್ಟಿಲ್ಲ. ‘ಕಮಾನಿಗೂ ಬೆರಳಿಗೂ ಒಂದೇ ತಂತಿ ಹಾಕಿಕೊಂಡು ನಾನು ಎರಡೂ ಕಡೆ ಅರ್ಧಂಬರ್ಧ ಆಗಿಬಿಡ್ತೀನೇನೋ ಅಂತ ಭಯ ಆಗತ್ತೆ ದೊಡ್ಡಪ್ಪ.’

ಆಳೆತ್ತರದ ಪಿಟೀಲಿನಂತಿರುವ ನಿನ್ನ ಡಬಲ್ ಬೇಸ್ ವಾದ್ಯಕ್ಕೆ ಯಾವ ತಂತಿ ಕೊಳ್ಳಲಿ ಎಂದಷ್ಟೇ ಕೇಳಿದ್ದರೆ ಅರ್ಧ ಗಂಟೆಯಲ್ಲಿ ಉತ್ತರ ಬರೆದು ಅಂಚೆಗೆ ಹಾಕುತ್ತಿದ್ದೆ.

ನಿನ್ನ ಭಯಕ್ಕೆ ಬುಡವೇ ಇಲ್ಲ ಎಂದು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ. ಮನೆಯಲ್ಲಿ ಅಜ್ಜಿಯ ವೀಣೆ ಇತ್ತಲ್ಲ, ಆ ತಂತಿಯ ಕೆಲಸವೇ ಒಮ್ಮೆ ಮೀಟಿದ ಮೇಲೆ ತಾನೇ ತಾನಾಗಿ ಮೊಳಗುತ್ತ ಉಳಿಯುವುದು. ಕಮಾನಿನ ತಂತಿಗೆ ಆ ಗುಣ ಅಷ್ಟಾಗಿ ಬೇಡ. ಕಮಾನಿಗೆ ಕಟ್ಟಿದ, ರಾಳ ಹಚ್ಚಿದ ಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ, ಅದು ಜಾರಿ ಬಿಡಿಸಿಕೊಳ್ಳುತ್ತದೆ, ಮತ್ತೆ ಹಿಡಿಯುತ್ತದೆ. ಎಲ್ಲಕ್ಕಿಂತ ಕೆಳಗಿನ ಸ್ವರದ ನಿನ್ನ ಇ ತಂತಿಯಲ್ಲಿ ಈ ಹಿಡಿಯುವುದು ಬಿಡುವುದು ಸೆಕೆಂಡಿಗೆ ಸುಮಾರು 41 ಸಲ. ಬಹಳ ಹೊತ್ತು ಮೊಳಗುವ ತಂತಿ ಕಮಾನಿನ ಹಿಡಿತಕ್ಕೆ ಬೇಗ ಒಗ್ಗುವುದಿಲ್ಲ, ಕಿರ್ ಎನ್ನುತ್ತದೆ, ಮಾತು ತಡವಾಗಿ ಶುರುಮಾಡುತ್ತದೆ. ಕಮಾನಿಗೆಂದೇ ಮೊಳಗು ತಗ್ಗಿಸಿ ಮಾಡಿದ ತಂತಿಯನ್ನು ಬೆರಳಲ್ಲಿ ಮೀಟಿದರೆ ಹಲಗೆ ತಟ್ಟಿದ ಹಾಗೆ ಧಡ್ ಎಂದು ಅಲ್ಲೇ ಸಾಯುತ್ತದೆ. ಬೆಳಿಗ್ಗೆ ಆರ್ಕೆಸ್ಟ್ರಾ, ರಾತ್ರಿ ಜಾಜ್, ಇರುವುದು ಒಂದೇ ವಾದ್ಯ. ನೀನು ಸಿಕ್ಕಿಕೊಂಡಿರುವ ಜಾಗ ನನಗೆ ಕಾಣುತ್ತದೆ.

ಆದರೆ ಈ ಒಡಕು ವಾದ್ಯದ ಹುಟ್ಟುಗುಣವಲ್ಲ, ಪುಟ್ಟಿ. ಇಪ್ಪತ್ತನೆಯ ಶತಮಾನದ ನಡುಗಾಲದವರೆಗೆ ಆರ್ಕೆಸ್ಟ್ರಾದವರೂ ಜಾಜ್‌ನವರೂ ಹಾಕುತ್ತಿದ್ದದ್ದು ಒಂದೇ ಜಾತಿಯ ತಂತಿ, ಕುರಿಯ ಕರುಳಿನದು. ಕೆಳಗಿನ ದಪ್ಪ ತಂತಿಗಳಿಗೆ ಮಾತ್ರ ಲೋಹದ ಸುತ್ತು. ಅಮೆರಿಕದ ಡ್ಯೂಕ್ ಎಲಿಂಗ್ಟನ್ನರ ಜಾಜ್ ಬ್ಯಾಂಡಿನಲ್ಲಿ 1939ರಿಂದ ಎರಡು ವರ್ಷ ನುಡಿಸಿ 1942ರಲ್ಲಿ ತನ್ನ 23ನೆಯ ವಯಸ್ಸಿಗೇ ತೀರಿಕೊಂಡ ಜಿಮ್ಮಿ ಬ್ಲಾಂಟನ್ ಅದೇ ಕರುಳಿನ ತಂತಿಯ ಮೇಲೆ ಬೆರಳನ್ನೂ ಆಡಿಸಿದ, ಕಮಾನನ್ನೂ ಎಳೆದ. ಉಕ್ಕಿನ ತಂತಿ ಎಲ್ಲ ಕಡೆ ಹರಡಿದ ಮೇಲೆ, ಆಂಪ್ಲಿಫೈಯರ್ ಬಂದ ಮೇಲೆ, ಇವರಿಗೊಂದು ಅವರಿಗೊಂದು ಎಂದು ತಂತಿಯ ಪೊಟ್ಟಣಗಳು ಬೇರೆಯಾದವು. ಯಾವುದಾದರೂ ಒಂದನ್ನು ಆರಿಸಿಕೋ ಎಂದು ನಿನ್ನ ಮೇಷ್ಟ್ರು ಅಂದದ್ದು ಆ ಪೊಟ್ಟಣಗಳನ್ನು ನೋಡಿಯೇ ಇರಬೇಕು. ಅವರನ್ನು ದೂರುತ್ತಿಲ್ಲ. ಅರ್ಧಂಬರ್ಧ ಎಂಬ ಮಾತನ್ನು ನೀನು ಅಲ್ಲಿಂದ ಎತ್ತಿಕೊಂಡಿದ್ದರೆ ಅದನ್ನು ವಾಪಸು ಇಟ್ಟುಬಿಡು ಎನ್ನುತ್ತಿದ್ದೇನೆ.

ಇಲ್ಲಿಂದ ಮುಂದಿನದನ್ನು ಬರೆಯಲು ಒಂಬತ್ತು ದಿನ ಹಿಡಿಯಿತು.

ನಾನು ಮದರಾಸಿಗೆ ಹೋದದ್ದು 1969ರಲ್ಲಿ. ಕನ್ನಡ ಸಿನಿಮಾದ ಹಾಡುಗಳೂ ಆಗ ಅಲ್ಲೇ ರೆಕಾರ್ಡ್ ಆಗುತ್ತಿದ್ದವು. ನಾನು ಒಯ್ದಿದ್ದ ತಾತನ ಬೇಸ್ ವಾದ್ಯಕ್ಕೆ ಕರುಳಿನ ತಂತಿಯೇ ಇತ್ತು. ಸಮುದ್ರದ ಗಾಳಿಗೆ ಅದು ಗಂಟೆಗೊಮ್ಮೆ ಶ್ರುತಿ ಬಿಡುತ್ತಿತ್ತು, ಮಳೆಗಾಲದಲ್ಲಿ ಜಿ ತಂತಿ ಎರಡು ಸಲ ಕಿತ್ತುಹೋಯಿತು. ಜೊತೆಯವರೊಬ್ಬರು ಉಕ್ಕಿನ ತಂತಿ ತರಿಸಿಕೊಟ್ಟರು. ಹಾಡುಗಳಿಗೆ ಬೇಕಾಗಿದ್ದದ್ದು ಬೆರಳು. ತಬಲಾದ ಕೆಳಗೆ, ಢೋಲಕ್‌ನ ಕೆಳಗೆ, ದುಂಡಗೆ, ಮೈಕಿಗೆ ತುಂಬುವ ಹಾಗೆ ಮೀಟಬೇಕು. ನನಗೆ ಅದು ಬೇಗ ಒಲಿಯಿತು. ದಿನಕ್ಕೆ ಎರಡೆರಡು ಕಾಲ್‌ಶೀಟ್ ಬರತೊಡಗಿತು. ತಾತನ ಕಮಾನು ಚೀಲದಲ್ಲಿ ಉಳಿಯಿತು. ಅದನ್ನು ಬಿಡಬೇಕೆಂದು ನಾನು ಯಾವ ದಿನವೂ ತೀರ್ಮಾನ ಮಾಡಿದವನಲ್ಲ. ನಾಳೆ ತೆಗೆಯೋಣ ಎನ್ನುತ್ತ ಎಂಟು ವರ್ಷ ಹೋಯಿತು.

1977ರಲ್ಲಿ ಒಂದು ದಿನ, ಒಂದು ಜೋಗುಳದ ಹಾಡು. ಹಾಡುವವರು, ನುಡಿಸುವವರು ಎಲ್ಲ ಒಟ್ಟಿಗೇ ಕೂತು ಒಂದೇ ಉಸಿರಿಗೆ ರೆಕಾರ್ಡ್ ಮಾಡುವ ಕಾಲ, ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಪಲ್ಲವಿಯ ಕೆಳಗೆ ಬೇಸ್ ಒಂದೇ ಒಂದು ಉದ್ದನೆಯ ಸ್ವರವನ್ನು ಕಮಾನಿನಲ್ಲಿ ಎಳೆಯಲಿ ಎಂದು ಸಂಗೀತ ನಿರ್ದೇಶಕರು ಕೇಳಿದರು. ಒಂದೇ ಸ್ವರ, ಪುಟ್ಟಿ. ಕಮಾನು ಇಟ್ಟೆ, ಕಿರುಗುಟ್ಟಿತು. ನಲವತ್ತು ಜನ ನಿಲ್ಲಿಸಿದರು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಸ್ವರ ಬಂತು, ಆದರೆ ಮಗು ಮಲಗುವ ಸ್ವರವಾಗಿರಲಿಲ್ಲ. ಅವರು ಬೈಯಲಿಲ್ಲ. ‘ಪರವಾಗಿಲ್ಲ, ಮೀಟಿಬಿಡಿ’ ಅಂದರು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, ‘ಈ ತಂತಿ ಕಮಾನಿಗೆ ಬರಲ್ಲ ಸಾರ್.’

ಅದೇ ಮಾತನ್ನು ಊರಿಗೆ ಬಂದಾಗ ತಾತನಿಗೂ ಹೇಳಿದೆ. ನಿನ್ನಪ್ಪ ಇವತ್ತಿಗೂ ಹಾಗೆಂದೇ ನಂಬಿದ್ದಾನೆ.

ಆ ರಾತ್ರಿ ನಡೆದದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ವಡಪಳನಿಯ ನನ್ನ ರೂಮಿನಲ್ಲಿ ಕಿಟಕಿ ಬಾಗಿಲು ಹಾಕಿಕೊಂಡು, ಅದೇ ವಾದ್ಯ, ಅದೇ ತಂತಿ, ರಾಳ ಚೆನ್ನಾಗಿ ಹಚ್ಚಿ, ಕಮಾನನ್ನು ಕುದುರೆಯಿಂದ, ಅಂದರೆ ತಂತಿಗಳನ್ನು ಹೊರುವ ಮರದ ಆಸರೆಯಿಂದ, ಒಂದಿಷ್ಟು ದೂರಕ್ಕೆ ತಂದು, ಬಹಳ ನಿಧಾನವಾಗಿ, ತೋಳಿನ ಭಾರ ಬಿಟ್ಟು ಎಳೆದೆ. ಎರಡು ಗಂಟೆಯ ಹೊತ್ತು. ಕೊನೆಗೆ ಆ ಸ್ವರ ಬಂತು. ಕೆಳಗಿನ ನೆಲ ಮೃದುವಾಗಿ ಅದುರಿತು. ತಂತಿ ಒರಟೇ, ನಿಜ, ಆದರೆ ಅದು ಒಲ್ಲೆ ಎಂದಿರಲಿಲ್ಲ. ಬೆಳಗಾದ ಮೇಲೆ ಕಮಾನನ್ನು ಒರೆಸಿ ಮತ್ತೆ ಚೀಲದಲ್ಲಿಟ್ಟೆ. ಒಂಬತ್ತು ಗಂಟೆಗೆ ಕಾಲ್‌ಶೀಟ್ ಇತ್ತು. ಯಾಕೆ ಇಟ್ಟೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎಂಬತ್ತರ ದಶಕದ ಕೊನೆಗೆ ಬೇಸಿನ ಕೆಲಸವನ್ನು ಕೀಬೋರ್ಡ್ ಮಾಡತೊಡಗಿದಾಗ ನನ್ನ ಬಳಿ ಉಳಿದಿದ್ದದ್ದು ಬೆರಳು ಒಂದೇ, ಆ ಬೆರಳು ಯಾರಿಗೂ ಬೇಕಾಗಿರಲಿಲ್ಲ. ವಾದ್ಯ ಮಾರಿದ್ದು ನಿನಗೆ ಗೊತ್ತು.

ನಿನ್ನ ಸಾಲು ಓದಿದಾಗ ನನಗೆ ಕೇಳಿದ್ದು ನನ್ನದೇ ಹಳೆಯ ಸುಳ್ಳು. ನೀನಿನ್ನೂ ಸುಳ್ಳು ಹೇಳಿಲ್ಲ, ಭಯಪಟ್ಟಿದ್ದೀಯ ಅಷ್ಟೆ. ನಾನು ಅರ್ಧವಾದದ್ದು ತಂತಿಯಿಂದಲ್ಲ, ಒಂದು ಕೈಯನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋದದ್ದರಿಂದ. ಎರಡೂ ಕಡೆ ನುಡಿಸುತ್ತ ಎರಡೂ ಕಡೆ ಒದ್ದಾಡುತ್ತಿರುವವಳು ಅರ್ಧವಾಗುವುದು ಹೇಗೆ ಎಂದು ನನಗೆ ತಿಳಿಯುವುದಿಲ್ಲ.

ಈಗ ತಂತಿಯ ಮಾತು. ನನಗೆ ಗೊತ್ತಿರುವುದು ಇಲ್ಲಿಗೆ ಪಾಠಕ್ಕೆ ಬರುವ ಬೆಂಗಳೂರಿನ ಇಬ್ಬರು ಹುಡುಗರ ವಾದ್ಯಗಳ ಮೇಲೆ ಕೈಯಾಡಿಸಿದ್ದರಿಂದ ತಿಳಿದದ್ದು, ಅಷ್ಟೇ ಬೆಲೆ ಕೊಡು. ವಿಯೆನ್ನಾದ ಥೊಮಾಸ್ಟಿಕ್‌ನವರ ಸ್ಪಿರೋಕೋರ್ ಬೆರಳಿಗೆ ಬಹಳ ಸೊಗಸು, ಮೀಟಿದ ಸ್ವರ ಗುರುಗುಡುತ್ತ ಉಳಿಯುತ್ತದೆ. ಹೊಸದರಲ್ಲಿ ಕಮಾನಿಗೆ ಒರಟು, ಹಳೆಯದಾದಷ್ಟೂ ಮಾತು ಕೇಳುತ್ತದೆ. ಅದರಲ್ಲೇ ವೈಖ್ ಎಂಬ ಮೃದು ಬಗೆ ಇದೆ. ಪಿರಾಸ್ತ್ರೋ ನಿನ್ನ ಜರ್ಮನಿಯದೇ ಕಂಪನಿ. ಅವರ ಇವಾ ಪಿರಾಜ್ಜಿಯೂ ಆಬ್ಲಿಗಾಟೋ ಕೂಡ ಎರಡು ಕೈಗೂ ಒದಗುವಂಥವು. ಆಬ್ಲಿಗಾಟೋದ ಒಳಗಿನ ಎಳೆ ಉಕ್ಕಿನದಲ್ಲ, ಸಿಂಥೆಟಿಕ್, ನನ್ನ ಕಿವಿಗೆ ಕರುಳಿನ ತಂತಿಯ ನೆನಪು ತಂದದ್ದು ಅದೇ. ಅಮೆರಿಕದ ಹೆಲಿಕೋರ್‌ನಲ್ಲಿ ಹೈಬ್ರಿಡ್ ಎಂಬುದನ್ನು ಈ ಎರಡು ಕೆಲಸಕ್ಕೆಂದೇ ಮಾಡಿದ್ದಾರೆ. ನಾನಾಗಿದ್ದರೆ ನಾಲ್ಕೂ ಒಂದೇ ಪೊಟ್ಟಣದ್ದು ಇರಲಿ ಎಂದು ಹಟ ಹಿಡಿಯುತ್ತಿರಲಿಲ್ಲ. ಕೆಳಗಿನ ಇ, ಎ ಎರಡಕ್ಕೆ ಸ್ಪಿರೋಕೋರ್, ಕಮಾನು ಹೆಚ್ಚು ಹಾಡಬೇಕಾದ ಡಿ, ಜಿ ಎರಡಕ್ಕೆ ಮೃದುವಾದ ಬೇರೆ ಜಾತಿ. ಹೀಗೆ ಬೆರೆಸುವವರು ಎಷ್ಟೋ ಜನ. ಬಿಗಿತ ಮಾತ್ರ ತೀರಾ ಏರುಪೇರು ಆಗದಂತೆ ನೋಡಿಕೋ.

ದುಡ್ಡಿನ ಚಿಂತೆ ನಿನಗಿರುತ್ತದೆ. ನಿಮ್ಮಲ್ಲಿ ಯಾರಾದರೂ ತೆಗೆದಿಟ್ಟ ಹಳೆಯ ತಂತಿ ಇದ್ದರೆ ಮೊದಲು ಅದನ್ನೇ ಕೇಳಿ ಪಡೆದು ಹಾಕಿ ನೋಡು, ಬೇಸಿನ ತಂತಿ ವರ್ಷಗಟ್ಟಲೆ ಬಾಳುತ್ತದೆ. ತಂತಿಗಳನ್ನು ಒಂದೊಂದಾಗಿಯೇ ಬದಲಾಯಿಸು. ನಾಲ್ಕನ್ನೂ ಒಟ್ಟಿಗೆ ಸಡಿಲಿಸಿದರೆ ಕುದುರೆ ಮಗುಚಬಹುದು, ಒಳಗೆ ನಿಲ್ಲಿಸಿರುವ ಸೌಂಡ್‌ಪೋಸ್ಟ್ ಎಂಬ ಮರದ ಕಡ್ಡಿ ಬೀಳಬಹುದು. ಇದು ನಿನಗೆ ಗೊತ್ತೇ ಇರುತ್ತದೆ, ಕ್ಷಮಿಸು. ಹಾಕಿದ ಮೂರು ವಾರ ಯಾರ ಅಭಿಪ್ರಾಯವನ್ನೂ ಕೇಳಬೇಡ, ನಿನ್ನದನ್ನೂ ಕೂಡ. ಆರ್ಕೆಸ್ಟ್ರಾ ಮುಗಿಸಿ ಜಾಜ್‌ಗೆ ಹೋಗುವ ಮುಂಚೆ ಒಣಬಟ್ಟೆಯಲ್ಲಿ ರಾಳ ಒರೆಸು. ಅದು ಕೂತರೆ ಮೀಟಿದ ಸ್ವರ ಬೇಗ ಸಾಯುತ್ತದೆ, ಜನ ತಂತಿಯನ್ನು ಬೈಯುತ್ತಾರೆ. ನಿನ್ನ ಕುದುರೆಗೆ ಎತ್ತರ ಹೊಂದಿಸುವ ತಿರುಪು ಇದ್ದರೆ ರಾತ್ರಿಗೆ ಕೊಂಚ ಇಳಿಸಿಕೋ, ಬೆಳಿಗ್ಗೆ ಏರಿಸಿಕೋ.

ಇಷ್ಟೇ. ಇದರಿಂದ ನಿನ್ನ ಭಯ ಹೋಗುತ್ತದೆಂದು ನಾನು ಅಂದುಕೊಂಡಿಲ್ಲ.

ಚೌಡಯ್ಯನವರ ಪಿಟೀಲಿನ ಸುದ್ದಿ ತಾತ ಆಗಾಗ ತೆಗೆಯುತ್ತಿದ್ದರು. ಮೈಕು ಇಲ್ಲದ ಕಚೇರಿಯಲ್ಲಿ ಹಿಂದಿನ ಸಾಲಿಗೆ ನಾದ ಮುಟ್ಟಲಿಲ್ಲವೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡವರು ಅವರು. ತಾತ ಅದನ್ನು ನನ್ನ ಕಡೆ ನೋಡಿಕೊಂಡೇ ಹೇಳುತ್ತಿದ್ದರು. ನನ್ನ ಮಾತನ್ನು ಅವರು ನಂಬಿರಲಿಲ್ಲ ಎಂದು ಈಗೀಗ ಅನ್ನಿಸುತ್ತದೆ.

ತಾತನ ಕಮಾನು ಇನ್ನೂ ನನ್ನ ಬಳಿಯೇ ಇದೆ. ಜರ್ಮನ್ ಹಿಡಿಕೆಯದು, ಕೈ ಕೆಳಗಿನಿಂದ ಹಿಡಿಯುವಂಥದ್ದು, ನೀನು ಕಲಿತಿರುವುದೂ ಹಾಗೇ ಎಂದು ನಿನ್ನಪ್ಪ ಹೇಳಿದ. ಕೂದಲು ಪೂರ್ತಿ ಹೋಗಿದೆ, ಕಡ್ಡಿ ನೆಟ್ಟಗಿದೆ. ಅವನು ಡಿಸೆಂಬರಿನಲ್ಲಿ ಬರುವಾಗ ಕೊಟ್ಟು ಕಳಿಸುತ್ತೇನೆ. ಅಲ್ಲಿ ಹೊಸ ಕೂದಲು ಹಾಕಿಸಿಕೋ, ಖರ್ಚು ನನ್ನದು.

ಹೊಸ ತಂತಿ ಹಾಕಿದ ಮೇಲೆ ನನಗೊಂದು ಕೆಲಸ ಮಾಡು. ಇ ತಂತಿ ಒಂದನ್ನೇ ಮೊದಲು ಕಮಾನಿನಲ್ಲಿ, ಆಮೇಲೆ ಬೆರಳಲ್ಲಿ ನುಡಿಸಿ ಫೋನಿಗೆ ಕಳಿಸು. ಅಷ್ಟು ಕೆಳಗಿನ ಸ್ವರ ಫೋನಿನ ಸ್ಪೀಕರಿನಲ್ಲಿ ಕೇಳುವುದಿಲ್ಲವೆಂದು ನಿನ್ನಪ್ಪ ಹೆಡ್‌ಫೋನ್ ತಂದುಕೊಟ್ಟಿದ್ದಾನೆ. ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ.

ನಿನ್ನ
ದೊಡ್ಡಪ್ಪ