ಮಮತೆಯ ತುತ್ತು ಮತ್ತು ಜಿಂಕೆಯ ಹೊಟ್ಟೆ

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಫೋಟೊ ಇನ್ನೂ ಕಣ್ಣ ಮುಂದಿದೆ. ಕಾಡಿನ ರಸ್ತೆ ಬದಿ ಕಾರು ನಿಂತಿದೆ. ಯಾರೋ ಉಳಿದ ಪಲಾವನ್ನು ಹಾಳೆ ತಟ್ಟೆ ಸಮೇತ ನೆಲದ ಮೇಲಿಟ್ಟಿದ್ದಾರೆ. ಎರಡು ಜಿಂಕೆ ತಲೆ ಬಗ್ಗಿಸಿ ತಿನ್ನುತ್ತಿವೆ. ಕೆಳಗೆ 'ಮೂಕಪ್ರಾಣಿಗೆ ಮಮತೆಯ ತುತ್ತು' ಎಂದು ಬರೆದಿದ್ದೀರಿ. ಆ ಮಮತೆ ಎಂಥದ್ದು ಅಂತ ನನಗೆ ಗೊತ್ತು. ನಾನೂ ಒಮ್ಮೆ ಅದನ್ನೇ ಮಾಡಿದವಳು.

ತಿತಿಮತಿ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ಮೂರು ಹಸು. ಎರಡು ವರ್ಷದ ಹಿಂದೆ ಪುತ್ತರಿ ಹಬ್ಬಕ್ಕೆ ನೆಂಟರು ಬಂದಿದ್ದರು. ದೊಡ್ಡ ಪಾತ್ರೆಯಲ್ಲಿ ಅರ್ಧದಷ್ಟು ಅನ್ನ ಉಳಿಯಿತು. ಸುಮ್ನೆ ಹಾಳಾಗುತ್ತಲ್ಲ ಅಂತ ಎರಡು ಬಕೆಟ್ ತುಂಬಿಸಿ ನಮ್ಮ ಹಸು ಕೆಂದಿಯ ಮುಂದಿಟ್ಟೆ. ನೆಕ್ಕಿ ಖಾಲಿ ಮಾಡಿದಳು. ನನಗೂ ಖುಷಿ. ರಾತ್ರಿ ಹೊತ್ತಿಗೆ ಮೆಲುಕು ನಿಂತಿತು. ಎಡಗಡೆ ಹೊಟ್ಟೆ ಊದಿಕೊಂಡಿತು. ಹಲ್ಲು ಕಡಿಯುತ್ತಾ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಸಗಣಿ ನೀರಾಗಿತ್ತು, ಹುಳಿ ವಾಸನೆ ಬೇರೆ.

ಡಾಕ್ಟ್ರು ಬಂದವರೇ ಕೇಳಿದರು, "ಅನ್ನ ಹಾಕಿದ್ರಾ ಅಕ್ಕ?" ಅಡುಗೆ ಸೋಡಾ ಕಲಸಿದ ನೀರು ಕುಡಿಸಿದರು, ಡ್ರಿಪ್ ಹಾಕಿದರು. ಮಾರನೇ ದಿನ ಪಕ್ಕದ ಮನೆಯ ಹಸುವಿನ ಬಾಯಿಯೊಳಗೆ ಉದ್ದ ಪೈಪ್ ಇಳಿಸಿ, ಅದರ ಹೊಟ್ಟೆಯಿಂದ ಹಸಿರು ನೀರು ತೆಗೆದು ಬಾಟಲಿ ತುಂಬಿಸಿ ನನ್ನ ಕೈಗೆ ಕೊಟ್ಟರು. ಬಾಟಲಿ ಬೆಚ್ಚಗಿತ್ತು. ವಾಸನೆ ಕೇಳಬೇಡಿ. "ಇದರಲ್ಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳಿವೆ, ತಣ್ಣಗಾಗೋ ಮೊದಲು ಕುಡಿಸಬೇಕು" ಅಂದರು. ಹುಲ್ಲನ್ನು ಹಸುವಿಗೆ ಅರಗಿಸಿ ಕೊಡುವುದೇ ಇವಂತೆ. ಮೂವತ್ತು ವರ್ಷ ಹಸು ಸಾಕಿದ ಮೇಲೆ ನನಗೆ ಆವತ್ತು ಗೊತ್ತಾಯಿತು! ಒಮ್ಮೆಲೇ ಅಷ್ಟು ಅನ್ನ ಬಿದ್ದರೆ ಹುಳಿ ಮಾಡುವ ಜಾತಿಯವು ವಿಪರೀತ ಹೆಚ್ಚುತ್ತವೆ. ಆ ಹುಳಿಗೆ ಹುಲ್ಲು ಅರಗಿಸುವವು ಸಾಯುತ್ತವೆ. ಹುಳಿ ರಕ್ತಕ್ಕೂ ಸೇರುತ್ತೆ. ಕೆಂದಿ ಬದುಕಿದಳು. ಹಾಲು ಮಾತ್ರ ಮೊದಲಿನಷ್ಟು ಬರಲಿಲ್ಲ.

ಜಿಂಕೆಗೂ ಕಾಟಿಗೂ (ಕಾಡೆಮ್ಮೆ) ಇರುವುದು ಇಂಥದ್ದೇ ನಾಲ್ಕು ಕೋಣೆಯ ಹೊಟ್ಟೆ. ಎಲೆ ತಿನ್ನುವ ಮುಸುವನ ಹೊಟ್ಟೆಯೂ ಕೋಣೆ ಕೋಣೆಯಾಗಿಯೇ ಇದೆ, ಬಿಸ್ಕೆಟ್ ಅದಕ್ಕೆ ಹೇಳಿದ್ದಲ್ಲ. ಆನೆಯದು ಬೇರೆ ಲೆಕ್ಕ. ಅದು ಮೆಲುಕು ಹಾಕಲ್ಲ. ಅದರ ಸೂಕ್ಷ್ಮಜೀವಿಗಳು ಕೆಲಸ ಮಾಡುವುದು ಹಿಂದಿನ ದೊಡ್ಡ ಕರುಳಿನಲ್ಲಿ. ತಿಂದದ್ದರಲ್ಲಿ ಅರ್ಧವೂ ಅರಗಲ್ಲ. ನಮ್ಮ ತೋಟದಲ್ಲಿ ಬಿದ್ದ ಲದ್ದಿ ಕೆದಕಿದರೆ ಹಲಸಿನ ಬೀಜ, ಕಾಫಿ ಬೀಜ ಇಡಿಯಾಗಿ ಸಿಗುತ್ತವೆ. ಮರಿಯಾನೆ ತಾಯಿಯ ಲದ್ದಿ ತಿಂದು ತನ್ನ ಹೊಟ್ಟೆಗೆ ಈ ಬಳಗವನ್ನು ತುಂಬಿಸಿಕೊಳ್ಳುತ್ತೆ. ಮತ್ತಿಗೋಡು ಆನೆ ಶಿಬಿರದಲ್ಲಿ ಅದನ್ನು ಮೊದಲ ಸಲ ನೋಡಿದಾಗ ನಾನು ಥೂ ಅಂದಿದ್ದೆ. ಈಗ ಅನ್ನಲ್ಲ.

ಒಂದು ತಟ್ಟೆ ಪಲಾವಿಗೇ ಜಿಂಕೆ ಸತ್ತು ಹೋಗುತ್ತೆ ಅಂತ ಹೇಳುತ್ತಿಲ್ಲ. ಆದರೆ ಭಾನುವಾರ ಆನೆಚೌಕೂರು ಕಾಡಿನ ದಾರಿಯಲ್ಲಿ ಒಂದೇ ಕಾರು ಬರುತ್ತಾ? ಕೆಂದಿಗೆ ಪಕ್ಕದ ಮನೆ ಹಸು ಇತ್ತು, ಪೈಪ್ ಹಿಡಿದ ಡಾಕ್ಟ್ರು ಇದ್ದರು. ಕಾಡೊಳಗೆ ಹೊಟ್ಟೆ ಊದಿ ಮಲಗಿದ ಜಿಂಕೆ ಯಾರ ಕಣ್ಣಿಗೂ ಬೀಳಲ್ಲ. ಅದರ ಫೋಟೊನೂ ಬರಲ್ಲ, ಅಲ್ವಾ?

'ಪ್ರಾಣಿಗಳಿಗೆ ಆಹಾರ ಕೊಡಬೇಡಿ' ಅನ್ನೋ ಬೋರ್ಡ್ ಬೇಕಾದಷ್ಟಿವೆ. ಯಾಕೆ ಕೊಡಬಾರದು ಅಂತ ನಾನು ನೋಡಿದ ಯಾವ ಬೋರ್ಡಿನಲ್ಲೂ ಇಲ್ಲ. ಹಾಗಾಗಿ ಜನ ಅದನ್ನು ದಂಡದ ಮಾತು ಅಂದುಕೊಳ್ಳುತ್ತಾರೆ. ಗಾರ್ಡ್ ಇಲ್ಲದಿದ್ದರೆ ಕಿಟಕಿ ಇಳಿಯುತ್ತೆ. ಬೋರ್ಡ್ ಹಾಕುವವರು 'ಅನ್ನ, ಬ್ರೆಡ್ ತಿಂದರೆ ಜಿಂಕೆಯ ಹೊಟ್ಟೆ ಹುಳಿಯಾಗಿ ಊದುತ್ತದೆ' ಎಂದು ಒಂದು ಸಾಲು ಸೇರಿಸಲಿ. ಮುಂದಿನ ಸಲ ಅಂಥ ಫೋಟೊ ಬಂದರೆ ನೀವೂ ಅಡಿಯಲ್ಲಿ ಅದನ್ನೇ ಹಾಕಿ.

— ಹಸು ಸಾಕುವ ಒಬ್ಬ ಓದುಗರು,
ತಿತಿಮತಿ, ಕೊಡಗು