ಮಗಳಿಗೊಂದು ಪತ್ರ: ನಿನ್ನ ‘ಹೂಂ’ ನಾನು ಹೇಳಬಾರದಿತ್ತು

ಮಗಳೇ,

ಅಸ್ಸಲಾಮು ಅಲೈಕುಮ್.

ಫೋನಿನಲ್ಲೇ ಹೇಳಿಬಿಡೋಣ ಅಂತ ಮೂರು ಸಲ ಫೋನ್ ಕೈಗೆ ತೆಗೆದುಕೊಂಡೆ. ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಉರ್ದು ಓದೋದು ಕಲಿಯಲಿಲ್ಲ, ನಾನೂ ಸ್ಕೂಲಲ್ಲಿ ಓದಿದ್ದು ಕನ್ನಡವೇ. ಮನೆಯಲ್ಲಿ ಏನೇ ಮಾತಾಡಿದರೂ ಕಾಗದ ಬರೆಯಲು ಕೂತರೆ ಕೈಗೆ ಬರುವುದು ಇದೇ.

ಮೊದಲು ವಿಷಯ ಹೇಳುತ್ತೇನೆ. ಮ್ಯಾಟ್ರಿಮೋನಿ ಸೈಟಿನಲ್ಲಿ ಹಾಕಿದ್ದ ನಿನ್ನ ಪ್ರೊಫೈಲನ್ನು ಮೊನ್ನೆ ರಾತ್ರಿಯೇ ಅಳಿಸಿಸಿದೆ. ಫೋಟೋ, ನಿನ್ನ ನಂಬರು ಎಲ್ಲ ತೆಗೆಸಿದೆ. ನಿನ್ನನ್ನು ಒಂದು ಮಾತು ಕೇಳದೆ ಹಾಕಿದ್ದು ನನ್ನದೇ ತಪ್ಪು. ಡ್ಯೂಟಿಯಲ್ಲಿದ್ದಾಗ ಯಾರೋ ಗೊತ್ತಿಲ್ಲದವನು ಫೋನ್ ಮಾಡಿ, ನಿಮ್ಮ ಫೋಟೋ ನೋಡಿದೆ ಅಂದಾಗ ನಿನಗೆ ಹೇಗಾಗಿರಬೇಕು! ನನ್ನನ್ನು ಕ್ಷಮಿಸು.

ಅವತ್ತು ಉದಯಗಿರಿಯ ಶಾದಿ ಮಹಲಿನಲ್ಲಿ ಮದುವೆಯ ವಲೀಮಾ ಊಟಕ್ಕೆ ಹೋಗಿದ್ದೆವು. ಕೈ ತೊಳೆಯುವುದರೊಳಗೆ ಮೂರು ಜನ ಕೇಳಿದರು, ಮಗಳಿಗೆ ಎಷ್ಟು ವಯಸ್ಸು ಅಂತ. 26 ಅಂದೆ. ಅವರು ಏನೂ ಅನ್ನಲಿಲ್ಲ. ಏನೂ ಅನ್ನದೇ ಇದ್ದದ್ದೇ ನನ್ನನ್ನು ಚುಚ್ಚಿತು. ಮುಂಚೆ ಆಗಿದ್ದರೆ ಮಂಡಿ ಮೊಹಲ್ಲಾದಿಂದ ರಿಶ್ತಾ ತರುವ ಖಾಲಾ ಬರುತ್ತಿದ್ದರು. ಚೀಲದ ತುಂಬ ಫೋಟೋ, ಬಯೋಡೇಟಾ. ಚಹಾ ಕುಡಿಯುತ್ತಾ ಹುಡುಗನ ತಾತನವರೆಗೂ ಕಥೆ ಹೇಳುತ್ತಿದ್ದರು. ಈಗ ಅವರಿಗೆ ಕಣ್ಣು ಕಾಣುವುದಿಲ್ಲ, ಮನೆ ಬಿಟ್ಟು ಹೊರಡುವುದೂ ಇಲ್ಲ. ಮಾರನೇ ದಿನ ನಾನು ಸೀದಾ ಸೈಬರ್ ಸೆಂಟರಿಗೆ ಹೋಗಿ ಕೂತೆ.

ಅಲ್ಲಿನ ಹುಡುಗ ಒಂದೊಂದೇ ಪ್ರಶ್ನೆ ಓದಿದ, ನಾನು ಉತ್ತರ ಹೇಳುತ್ತಾ ಹೋದೆ. ಸುನ್ನಿ. ಶೇಖ್. ಮಾತೃಭಾಷೆ ಉರ್ದು. ಕನ್ನಡವನ್ನೂ ಹಾಕಪ್ಪ ಅಂದೆ, ಒಂದೇ ಹಾಕಕ್ಕಾಗೋದು ಸರ್ ಅಂದ. ನಮಾಜ್ ಮಾಡ್ತಾರಾ? ತಪ್ಪದೆ ಮಾಡ್ತಾಳೆ. ಬಣ್ಣ? ಅಲ್ಲಿ ಒಂದು ಕ್ಷಣ ತಡೆದೆ, ಮಗಳೇ. ನೀನು ನಿನ್ನ ದಾದಿಯ, ಅಂದರೆ ನನ್ನ ಅಮ್ಮನ ಹಾಗೆ ಎಣ್ಣೆಗಪ್ಪು. ಆ ಬಣ್ಣ ನನಗೆಷ್ಟು ಇಷ್ಟ ಅಂತ ನಿನಗೂ ಗೊತ್ತು. ಆದರೂ ಬಿಳಿ ಅಂತ ಹಾಕಿಸಿದೆ. ಕೊನೆಗೆ ‘ನಿಮ್ಮ ಬಗ್ಗೆ’ ಅಂತ ಒಂದು ಖಾಲಿ ಜಾಗ ಬಂತು. ನಾನೇ ಹೇಳಿ ಬರೆಸಿದೆ: ನಾನು ಸರಳ ಸ್ವಭಾವದವಳು, ಅಡುಗೆ ಚೆನ್ನಾಗಿ ಬರುತ್ತದೆ, ದೊಡ್ಡವರ ಮಾತು ಮೀರುವುದಿಲ್ಲ.

ಅದನ್ನು ಓದಿ ನೀನು ಫೋನಿನಲ್ಲಿ ಕೂಗಾಡಲಿಲ್ಲ. “ಅಬ್ಬಾ, ಇದು ಯಾರು?” ಅಂದೆ, ಅಷ್ಟೆ.

ಆವತ್ತಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಯಾಕೆಂದರೆ ಈ ತಪ್ಪನ್ನು ನಾನು ಮೊದಲೂ ಒಂದು ಸಲ ಮಾಡಿದ್ದೇನೆ. ನಿನಗೆ ಯಾವತ್ತೂ ಹೇಳಿಲ್ಲ.

1991ರಲ್ಲಿ ನಿನ್ನ ಫುಫುವಿನ, ಅಂದರೆ ನನ್ನ ತಂಗಿಯ ನಿಕಾಹ್ ಆಯಿತು. ನಿಕಾಹ್‌ನಲ್ಲಿ ಹುಡುಗಿಯ ಕಡೆಯ ವಕೀಲ್ ನಾನು. ಇಬ್ಬರು ಗವಾಹ್‌ (ಸಾಕ್ಷಿ)ಗಳ ಜೊತೆ ಒಳಕೋಣೆಗೆ ಹೋಗಿ, ಇಂಥವರ ಮಗನ ಜೊತೆ, ಇಷ್ಟು ಮೆಹರ್‌ಗೆ (ಗಂಡು ಹೆಣ್ಣಿಗೆ ಕೊಡುವುದು), ನಿನಗೆ ಒಪ್ಪಿಗೆಯಾ ಅಂತ ಕೇಳುವ ಕೆಲಸ ನನ್ನದು. ಅವಳು ತಲೆ ಬಗ್ಗಿಸಿ ಕೂತಿದ್ದಳು. ಮದರಂಗಿ ಹಚ್ಚಿದ ಬೆರಳಲ್ಲಿ ದುಪಟ್ಟಾದ ಅಂಚಿನ ಜರಿ ಎಳೆ ಎಳೆಯಾಗಿ ಕೀಳುತ್ತಿದ್ದಳು. ಮಾತಾಡಲಿಲ್ಲ. ಅಳುತ್ತಿದ್ದಳು. ಹಿಂದಿನಿಂದ ಹಿರಿಯರೊಬ್ಬರು, ಸುಮ್ಮನಿದ್ದರೆ ಒಪ್ಪಿದ ಹಾಗೇ, ನಡಿ ನಡಿ ಅಂದರು. ನಾನು ಹೊರಗೆ ಬಂದು ಖಾಜಿ ಸಾಹೇಬರಿಗೆ ‘ಹೂಂ ಅಂದಳು’ ಅಂತ ಹೇಳಿಬಿಟ್ಟೆ. ಅವಳಿಗೆ ಆ ವರ್ಷ ಟಿಸಿಎಚ್ (ಟೀಚರ್ ಟ್ರೈನಿಂಗ್) ಸೀಟು ಸಿಕ್ಕಿತ್ತು. ಫುಫಾ ಒಳ್ಳೆಯವರೇ, ಅವಳನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ಅವಳು ಟೀಚರ್ ಆಗಲಿಲ್ಲ. ರಾಮನಗರದ ರೇಷ್ಮೆ ನೂಲಿನ ಲೆಕ್ಕ ಬರೆಯುತ್ತಲೇ ಅವಳ ಇಷ್ಟೂ ವರ್ಷಗಳು ಕಳೆದವು.

ಕನ್ಯೆಯ ಮೌನವೇ ಒಪ್ಪಿಗೆ ಅಂತ ಹದೀಸಿನಲ್ಲಿ, ಪ್ರವಾದಿಯವರ ಮಾತುಗಳಲ್ಲಿ ಇದೆ, ನಿಜ. ಆದರೆ ಅದರಲ್ಲೇ ಅವಳನ್ನು ಕೇಳಲೇಬೇಕು ಅಂತಲೂ ಇದೆ. ಕೇಳುವುದನ್ನು ನಾವು ಒಂದು ಶಾಸ್ತ್ರ ಮಾಡಿಕೊಂಡು, ಮೌನವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆವು. ಖನ್ಸಾ ಬಿಂತ್ ಖಿದಾಮ್ ಅನ್ನುವವರ ತಂದೆ ಮಗಳಿಗೆ ಇಷ್ಟವಿಲ್ಲದ ಮದುವೆ ಮಾಡಿದ್ದರು. ಖನ್ಸಾ ಪ್ರವಾದಿಯವರ ಬಳಿ ಹೋಗಿ ಹೇಳಿಕೊಂಡರು. ಪ್ರವಾದಿ ಸಲ್ಲಲ್ಲಾಹು ಅಲೈಹಿ ವಸಲ್ಲಮ್ ಆ ಮದುವೆಯನ್ನೇ ರದ್ದು ಮಾಡಿದರು. ಬುಖಾರಿಯವರ ಹದೀಸ್ ಸಂಗ್ರಹದಲ್ಲಿದೆ ಇದು. ಅಳುವ ಹುಡುಗಿಯ ಮೌನಕ್ಕೆ ಹೂಂ ಅಂತ ಅರ್ಥ ಹಚ್ಚಿದವನು ನಾನು. ಈಗ ನಿನ್ನ ಹೆಸರಲ್ಲಿ ‘ನಾನು’ ಅಂತ ಬರೆಸಿದವನೂ ನಾನೇ.

ಸೈಟೇ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ನಂಟರಿಷ್ಟರಲ್ಲಿ ನಿನ್ನಷ್ಟು ಓದಿದ ಹುಡುಗರು ಎಷ್ಟು ಜನ ಇದ್ದಾರೆ ಹೇಳು. ಅಲ್ಲಾದರೆ ಹುಬ್ಬಳ್ಳಿಯವರು, ಮಂಗಳೂರಿನವರು, ಎಲ್ಲೆಲ್ಲಿಯವರೋ ಸಿಗುತ್ತಾರೆ. ಹುಡುಗಿ ತಾನೇ ಪ್ರೊಫೈಲ್ ಹಾಕಿಕೊಂಡರೆ ಜನ ಏನಂತಾರೆ ಅಂತ ನಿನ್ನ ಅಮ್ಮಿಗೆ ಹೆದರಿಕೆ. ನಾನು ಅವಳಿಗೆ ಪ್ರವಾದಿಯವರ ಮೊದಲ ಪತ್ನಿ ಹಜ್ರತ್ ಖದೀಜಾರವರ ಮಾತು ನೆನಪಿಸಿದೆ. ಗೆಳತಿ ನಫೀಸಾರನ್ನು ಕಳಿಸಿ ಮದುವೆಯ ಪೈಗಾಮ್ ಕೇಳಿಸಿದ್ದು ಅವರೇ ಅಲ್ವಾ. ಅಮ್ಮಿ ಸುಮ್ಮನಾದಳು. ಈ ಮೌನವನ್ನು ಒಪ್ಪಿಗೆ ಅಂದುಕೊಳ್ಳದೆ ಸಂಜೆ ಇನ್ನೊಂದು ಸಲ ಕೇಳಿದೆ. ಅವಳಿಷ್ಟ, ಅವಳೇ ಹಾಕಿಕೊಳ್ಳಲಿ ಅಂದಳು.

ಹಾಗಾಗಿ ಬೇಕು ಅನ್ನಿಸಿದರೆ ನೀನೇ ಹಾಕು. ಬೇಡ ಅನ್ನಿಸಿದರೆ, ಅಥವಾ ಎರಡು ವರ್ಷ ಬಿಟ್ಟು ನೋಡೋಣ ಅಂದರೆ, ಅದೂ ಸರಿ. ಹಾಕುವುದಾದರೆ ಫೋಟೋ ಎಲ್ಲರಿಗೂ ಕಾಣದ ಹಾಗೆ ಲಾಕ್ ಮಾಡು. ನಂಬರು ನನ್ನದು ಕೊಡು. ಮುಸ್ಲಿಮರಿಗೇ ಅಂತ ಇರುವ ಮಝ್ ಆ್ಯಪಿನಲ್ಲಿ ವಲೀಯನ್ನು, ಅಂದರೆ ಹುಡುಗಿಯ ಕಡೆಯ ಹಿರಿಯರನ್ನು ಸೇರಿಸಿದರೆ ಹುಡುಗನ ಜೊತೆ ಆಡಿದ ಮಾತೆಲ್ಲ ಅವರಿಗೂ ಹೋಗುತ್ತದೆ. ನಿನಗೆ ಧೈರ್ಯ ಅನ್ನಿಸಿದರೆ ಸೇರಿಸು. ನನಗಂತೂ ನಿನ್ನ ಮಾತು ಕದ್ದು ಓದುವುದು ಬೇಡ.

ಇನ್ನೊಂದು ವಿಷಯ. ನಾನು ಡಿಗ್ರಿ, ಬೆಂಗಳೂರು ಅಥವಾ ಗಲ್ಫ್ ಕೆಲಸ, ಇಷ್ಟು ಲಕ್ಷ ಸಂಬಳ ಅಂತೆಲ್ಲ ಟಿಕ್ ಮಾಡಿಸಿದ್ದೆ. ಆಮೇಲೆ ಮಂಡ್ಯದ ನನ್ನ ಸ್ನೇಹಿತನ ಮಗ ನೆನಪಾದ. ಪಾಂಡವಪುರದ ಹತ್ತಿರ ಆಲೆಮನೆ ನಡೆಸುತ್ತಾನೆ, ತಂದೆಯ ಕಾಯಿಲೆ, ತಂಗಿಯರ ಓದು ಎಲ್ಲ ಅವನ ತಲೆಯ ಮೇಲೇ. ನಾನು ಹಿಡಿದ ಜರಡಿಯಲ್ಲಿ ಅಂಥ ಹುಡುಗ ಉಳಿಯುವುದೇ ಇಲ್ಲ. ಅವನನ್ನು ನೋಡು ಅಂತಲ್ಲ, ತಪ್ಪು ತಿಳಿಯಬೇಡ. ಜರಡಿ ಹಿಡಿಯುವಾಗ ನಿನಗೆ ಯಾವುದು ಬೇಕು ಅಂತ ನೀನು ನೋಡಿಕೋ.

ಪ್ರೊಫೈಲ್ ಪಕ್ಕದಲ್ಲಿ ಕಾಣುವ ಟಿಕ್ ಗುರುತನ್ನು ನಂಬಿ ಕೂರಬೇಡ. ಮ್ಯಾಟ್ರಿಮೋನಿ ಸೈಟುಗಳು ಬಳಕೆದಾರರ ಗುರುತಿನ ದಾಖಲೆ ನೋಡಬೇಕು ಅಂತ ಕೇಂದ್ರ ಸರ್ಕಾರ 2016ರಲ್ಲೇ ಸೂಚನೆ ಕೊಟ್ಟಿದೆ. ಆದರೆ ಆಧಾರ್ ಕಾರ್ಡು ಅಸಲಿಯಾದ ಮಾತ್ರಕ್ಕೆ ಅವನು ಹೇಳಿದ್ದೆಲ್ಲ ಅಸಲಿಯಲ್ಲ. ನಮ್ಮ ಬೀದಿಯಲ್ಲೇ ಒಬ್ಬ ಹುಡುಗಿಗೆ, ಲಂಡನ್ನಿನಿಂದ ಉಡುಗೊರೆ ಕಳಿಸಿದ್ದೇನೆ, ಕಸ್ಟಮ್ಸ್‌ನಲ್ಲಿ ಹಿಡಿದಿದ್ದಾರೆ, ದುಡ್ಡು ಕಟ್ಟು ಅಂತ ಹೇಳಿ ಅವಳ ಬಳೆ ಅಡವಿಡಿಸಿದರು. ನಾಚಿಕೆಯಿಂದ ಅವಳು ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ. ಹಾಗೇನಾದರೂ ಆದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು, ಎಷ್ಟು ಬೇಗ ಮಾಡಿದರೆ ದುಡ್ಡು ತಡೆಯುವ ಅವಕಾಶ ಅಷ್ಟು ಜಾಸ್ತಿ. ಆಮೇಲೆ ನನಗೆ ಹೇಳು. ನಾನು ಬೈಯುವುದಿಲ್ಲ.

ಯಾರಾದರೂ ನಿನಗೆ ಹಿಡಿಸಿದರೆ ಅಲ್ಲಿಂದ ಮುಂದೆ ನನ್ನ ಕೆಲಸ. ಅವನ ಊರಿಗೆ ಹೋಗುತ್ತೇನೆ. ಜುಮಾ ಆದಮೇಲೆ ಮಸೀದಿಯಲ್ಲಿ ಕೇಳುತ್ತೇನೆ, ಬೀದಿಯ ದಿನಸಿ ಅಂಗಡಿಯಲ್ಲೂ ಕೇಳುತ್ತೇನೆ. ಸಾಲದ ಬುಕ್ಕು ಇಟ್ಟವನಿಗೆ ಮನೆಯವರ ಗುಣ ಚೆನ್ನಾಗಿ ಗೊತ್ತಿರುತ್ತದೆ. ಮೊದಲೊಂದು ಮದುವೆ ಆಗಿದೆಯಾ, ಈಗ ಹೆಂಡತಿ ಇದ್ದಾಳಾ ಅಂತ ಮುಚ್ಚುಮರೆ ಇಲ್ಲದೆ ಕೇಳುತ್ತೇನೆ. ತಲಾಖ್ ಅಥವಾ ಖುಲಾ (ಹೆಂಡತಿಯೇ ಕೇಳಿ ಪಡೆದ ಬಿಡುಗಡೆ) ಆಗಿದ್ದರೆ ಕಾಗದ ನೋಡುತ್ತೇನೆ. ಮೆಹರ್ ಎಷ್ಟು ಅಂತ ನೀನು ಹೇಳು. ನೀನು ಕೆಲಸ ಬಿಡಬಾರದು, ಅವನು ಇನ್ನೊಂದು ಮದುವೆ ಆಗಬಾರದು, ಒಂದು ವೇಳೆ ಆದರೆ ನಿನಗೂ ಬಿಡುಗಡೆ ಪಡೆಯುವ ಹಕ್ಕಿರಬೇಕು, ಇಂಥವನ್ನೆಲ್ಲ ನಿಕಾಹ್‌ನಾಮಾದಲ್ಲಿ ಶರತ್ತಾಗಿ ಬರೆಸಬಹುದು. ಬರೆಸೋಣ. ಜೋಡೆ ಕೀ ರಖಮ್ ಅಂತ ಯಾರಾದರೂ ಬಾಯಿ ತೆರೆದರೆ ಅಲ್ಲಿಗೇ ಸಲಾಂ ಹೇಳಿ ಎದ್ದು ಬರುತ್ತೇನೆ. 1961ರಿಂದ ವರದಕ್ಷಿಣೆ ಕಾನೂನಿನಲ್ಲೇ ಅಪರಾಧ. ಅದೇ ಕಾನೂನು ಮೆಹರನ್ನು ವರದಕ್ಷಿಣೆ ಅಂತ ಎಣಿಸುವುದಿಲ್ಲ. ಅದು ನಿನ್ನ ಹಕ್ಕು.

ನಿಕಾಹ್ ದಿನ ಒಳಗೆ ಬಂದು ಕೇಳುವಾಗ ನೀನು ಬಾಯಿಬಿಟ್ಟು ಹೇಳಬೇಕು, ಹೂಂ ಆದರೂ ಸರಿ, ಊಹೂಂ ಆದರೂ ಸರಿ. ಹೊರಗೆ 500 ಜನ ಬಿರಿಯಾನಿಗೆ ಕಾದು ಕೂತಿದ್ದರೂ ಸರಿ.

ಈ ಕಾಗದವನ್ನು ನಿನ್ನೆ ಫುಫುವಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳ ವಿಷಯ ಬರೆಯಬಹುದಾ ಅಂತ ಕೇಳಬೇಕಿತ್ತಲ್ಲ. ತುಂಬ ಹೊತ್ತು ಸುಮ್ಮನಿದ್ದಳು. “ಭಾಯ್, ಅವತ್ತು ನೀನು ಇನ್ನೊಂದು ಸಲ ಕೇಳ್ತೀಯಾ ಅಂತ ಕಾಯ್ತಿದ್ದೆ” ಅಂದಳು. ಆಮೇಲೆ, ಕಳಿಸು, ಅವಳು ಓದಲಿ ಅಂದಳು.

ಭಾನುವಾರ ರಜೆ ಸಿಕ್ಕರೆ ಶನಿವಾರ ಸಂಜೆ ಟ್ರೈನಿಗೇ ಬಾ. ಸ್ಟೇಷನ್ನಿನಲ್ಲಿ ಸ್ಕೂಟರ್ ಹಿಡಿದು ನಿಂತಿರುತ್ತೇನೆ.

ನಿನ್ನ ಅಬ್ಬಾ
ರಾಜೀವ್‌ನಗರ, ಮೈಸೂರು